ರುಡಾಲ್ಫ್ ಇಸ್ಮಾಯರ್: ಎರಡು ಯುದ್ಧಗಳ ನಡುವಿನ ಜರ್ಮನ್ ವೇಟ್‌ಲಿಫ್ಟರ್

ರುಡಾಲ್ಫ್ ಇಸ್ಮಾಯರ್ ಹುಟ್ಟಿದ್ದು 1908ರ ಆಗಸ್ಟ್ 14ರಂದು, ಬವೇರಿಯಾದ ಲಾಂಡ್ಸ್‌ಹೂಟ್‌ನಲ್ಲಿ. ಇಸಾರ್ ನದಿಯ ದಡದ ಈ ಹಳೆಯ ಪಟ್ಟಣ ಮ್ಯೂನಿಕ್‌ನಿಂದ ಈಶಾನ್ಯಕ್ಕಿದೆ. 1932ರಲ್ಲಿ ಲಾಸ್ ಏಂಜಲೀಸ್‌ನಲ್ಲಿ 75 ಕಿಲೋ ವರ್ಗದ ಭಾರ ಎತ್ತುವ ಸ್ಪರ್ಧೆಯಲ್ಲಿ ಒಲಿಂಪಿಕ್ ಚಿನ್ನ ಗೆದ್ದ ಇಸ್ಮಾಯರ್, 1936ರಲ್ಲಿ ಬರ್ಲಿನ್‌ನಲ್ಲಿ ಅದೇ ವರ್ಗದ ಬೆಳ್ಳಿ ಪಡೆದ. ಆದರೆ ಇತಿಹಾಸದ ಪುಸ್ತಕಗಳಲ್ಲಿ ಈ ಹೆಸರು ಹೆಚ್ಚಾಗಿ ಕಾಣಿಸುವುದು ಪದಕಗಳ ಕಾರಣಕ್ಕಲ್ಲ. ಬರ್ಲಿನ್ ಕೂಟದ ಉದ್ಘಾಟನೆಯ ದಿನ ಎಲ್ಲ ಕ್ರೀಡಾಪಟುಗಳ ಪರವಾಗಿ ಪ್ರತಿಜ್ಞೆ ಹೇಳಿದವನು ಇಸ್ಮಾಯರ್ ಎಂಬ ಕಾರಣಕ್ಕೆ. ಒಂದು ನಿಮಿಷದ ಆ ಪ್ರತಿಜ್ಞೆ ವರ್ಷಗಳ ಕಾಲ ಎತ್ತಿದ ಭಾರವನ್ನೆಲ್ಲ ಮರೆಸಿಬಿಟ್ಟಿದೆ. ಹೀಗಾಗಿ ಮೊದಲು ಭಾರದ ಲೆಕ್ಕವನ್ನೇ ನೋಡಬೇಕು.

ಜರ್ಮನಿಯ ದಕ್ಷಿಣ ಭಾಗದಲ್ಲಿ, ಅದರಲ್ಲೂ ಬವೇರಿಯಾದಲ್ಲಿ, ಬಲಪ್ರದರ್ಶನಕ್ಕೆ ಹಳೆಯ ಜನಪ್ರಿಯತೆ ಇತ್ತು. ಉತ್ತರ ಕರ್ನಾಟಕದ ಜಾತ್ರೆಗಳಲ್ಲಿ ಸಂಗ್ರಾಣಿ ಕಲ್ಲು ಎತ್ತುವ ಹಾಗೆ ಮ್ಯೂನಿಕ್‌ನ ಬಿಯರ್ ಸಭಾಂಗಣಗಳಲ್ಲಿ ಕಲ್ಲು ಎತ್ತುವ ಪಂದ್ಯಗಳು ನಡೆಯುತ್ತಿದ್ದವು. ‘ಬವೇರಿಯಾದ ಹರ್ಕ್ಯುಲಿಸ್’ ಎಂದು ಹೆಸರಾಗಿದ್ದ ಹಾನ್ಸ್ ಷ್ಟೈರರ್ 19ನೇ ಶತಮಾನದ ಉತ್ತರಾರ್ಧದಲ್ಲಿ ಐನೂರು ಪೌಂಡ್ ಮೀರಿದ ಕಲ್ಲನ್ನು ಒಂದೇ ಬೆರಳಿನಿಂದ ಎತ್ತಿದ ಕಥೆ ಆ ನಗರದಲ್ಲಿ ಇಂದಿಗೂ ಚಾಲ್ತಿಯಲ್ಲಿದೆ. ಕಥೆಯಲ್ಲಿ ಉತ್ಪ್ರೇಕ್ಷೆ ಇದ್ದೀತು. ಕಲ್ಲು ಎತ್ತುವ ವಾರ್ಷಿಕ ಪಂದ್ಯವಂತೂ ಉಳಿದುಕೊಂಡಿದೆ. ಅದೇ ಕಾಲದಲ್ಲಿ ಪ್ರಷ್ಯಾದ ಕ್ಯೋನಿಗ್ಸ್‌ಬರ್ಗ್‌ನಲ್ಲಿ ಹುಟ್ಟಿದ ಯೂಜೆನ್ ಸ್ಯಾಂಡೋ ಇಂಗ್ಲೆಂಡಿಗೆ ಹೋಗಿ, ದೇಹದಾರ್ಢ್ಯವನ್ನು ನಾಟಕಶಾಲೆಯ ವೇದಿಕೆಗೇರಿಸಿ ಹಣ ಮಾಡಿದ. 20ನೇ ಶತಮಾನದ ಆರಂಭದಲ್ಲಿ ಭಾರತಕ್ಕೂ ಬಂದುಹೋದ. ಸ್ಯಾಂಡೋನಿಂದ ಎದ್ದ ಆ ಅಲೆ ಬೆಂಗಳೂರನ್ನೂ ಮುಟ್ಟಿತು. ‘ಶಾಂತಲಾ’, ‘ರೂಪದರ್ಶಿ’ ಕಾದಂಬರಿಗಳ ಲೇಖಕರೆಂದು ಕನ್ನಡಿಗರು ಬಲ್ಲ ಕೆ.ವಿ. ಅಯ್ಯರ್ ಅವರು ಅಲ್ಲಿ ವ್ಯಾಯಾಮಶಾಲೆ ನಡೆಸಿ ಬಾರ್ಬೆಲ್ ಕಸರತ್ತನ್ನು ಕಲಿಸುತ್ತಿದ್ದುದು ಹೆಚ್ಚುಕಡಿಮೆ ಇಸ್ಮಾಯರ್ ಸ್ಪರ್ಧಿಸುತ್ತಿದ್ದ ವರ್ಷಗಳಲ್ಲೇ.

ಜರ್ಮನಿಯಲ್ಲಿ ಬಲಶಾಲಿಗಳಿಗೆ ಎರಡು ದಾರಿಗಳಿದ್ದವು. ಒಂದು ಸರ್ಕಸ್ ಮತ್ತು ರಂಗಮಂಚದ ವೃತ್ತಿ. ಲೈಪ್‌ಸಿಗ್‌ನ ಹೆರ್ಮನ್ ಗ್ಯೋರ್ನರ್ 1920ರಲ್ಲಿ ಒಂದೇ ಕೈಯಲ್ಲಿ 330 ಕಿಲೋ ಭಾರವನ್ನು ನೆಲದಿಂದ ಎತ್ತಿದನೆಂದು ದಾಖಲಾಗಿದೆ. ಮೊದಲ ಮಹಾಯುದ್ಧದಲ್ಲಿ ಒಂದು ಕಣ್ಣು ಕಳೆದುಕೊಂಡಿದ್ದ ಗ್ಯೋರ್ನರ್ ಮುಂದೆ ಸರ್ಕಸ್ ಕಂಪನಿಯೊಂದಿಗೆ ದಕ್ಷಿಣ ಆಫ್ರಿಕಾ ಸುತ್ತಿದ. ಇನ್ನೊಂದು ದಾರಿ ಹವ್ಯಾಸಿ ಕ್ಲಬ್ಬುಗಳದ್ದು. ಕುಸ್ತಿ ಮತ್ತು ಭಾರ ಎತ್ತುವಿಕೆ ಎರಡನ್ನೂ ಜರ್ಮನರು ‘ಷ್ವೇರ್‌ಅಥ್ಲೆಟಿಕ್’ ಎಂಬ ಒಂದೇ ಹೆಸರಿನಡಿ ಸೇರಿಸಿದ್ದರು. ಹಲವು ಊರುಗಳಲ್ಲಿ ಕುಸ್ತಿಯ ಮ್ಯಾಟ್ ಮತ್ತು ಭಾರ ಎತ್ತುವ ಹಲಗೆ ಒಂದೇ ಕೋಣೆಯಲ್ಲಿರುತ್ತಿದ್ದವು. ಕಾರ್ಮಿಕರು ತಮ್ಮದೇ ಪ್ರತ್ಯೇಕ ಸಂಘಟನೆ ಕಟ್ಟಿಕೊಂಡಿದ್ದರು. 1906ರಲ್ಲಿ ಸ್ಥಾಪನೆಯಾದ ಕಾರ್ಮಿಕ ಅಥ್ಲೀಟರ ಒಕ್ಕೂಟ ಮಧ್ಯಮ ವರ್ಗದ ಕ್ಲಬ್ಬುಗಳಿಂದ ದೂರ ಉಳಿದು ತನ್ನದೇ ಪಂದ್ಯಗಳನ್ನು ನಡೆಸುತ್ತಿತ್ತು. 1925ರಲ್ಲಿ ಫ್ರಾಂಕ್‌ಫರ್ಟ್‌ನಲ್ಲಿ ನಡೆದ ಕಾರ್ಮಿಕರ ಒಲಿಂಪಿಯಾಡ್ ಈ ಚಳವಳಿಯ ದೊಡ್ಡ ಹಬ್ಬ. ಹೀಗೆ ಜರ್ಮನಿಯ ವೇಟ್‌ಲಿಫ್ಟರ್‌ಗಳು ಒಂದೇ ಕ್ರೀಡೆಯನ್ನು ಎರಡು ಪಾಳಯಗಳಲ್ಲಿ ನಿಂತು ಆಡುತ್ತಿದ್ದರು.

ಮೊದಲ ಮಹಾಯುದ್ಧದಲ್ಲಿ ಸೋತ ಜರ್ಮನಿಗೆ 1920ರ ಆಂಟ್‌ವರ್ಪ್ ಮತ್ತು 1924ರ ಪ್ಯಾರಿಸ್ ಒಲಿಂಪಿಕ್ಸ್‌ಗೆ ಆಹ್ವಾನವೇ ಬರಲಿಲ್ಲ. ಆ ಕೊರತೆ ತುಂಬಲು 1922ರಲ್ಲಿ ಬರ್ಲಿನ್‌ನಲ್ಲಿ ‘ಡಾಯ್ಚೆ ಕಾಂಪ್‌ಷ್ಪೀಲೆ’ ಎಂಬ ಸ್ವಂತ ಕ್ರೀಡಾಕೂಟ ನಡೆಯಿತು. ಹೊರಗೆ ಉಳಿದ ಈ ವರ್ಷಗಳಲ್ಲೇ ಭಾರ ಎತ್ತುವ ಕ್ರೀಡೆಯ ನಿಯಮಗಳು ರೂಪುಗೊಂಡವು. ಅವನ್ನು ರೂಪಿಸಿದವರು ಮುಖ್ಯವಾಗಿ ಫ್ರೆಂಚರು. 1920ರಲ್ಲಿ ಫ್ರಾನ್ಸ್‌ನ ಜೂಲ್ ರೊಸೆ ನೇತೃತ್ವದಲ್ಲಿ ಅಂತರರಾಷ್ಟ್ರೀಯ ಫೆಡರೇಷನ್ ಹುಟ್ಟಿತು. ಜರ್ಮನ್ ಮತ್ತು ಆಸ್ಟ್ರಿಯನ್ ಬಲಶಾಲಿಗಳು ಭಾರವನ್ನು ಮೊದಲು ಸೊಂಟಪಟ್ಟಿಯವರೆಗೆ ಎಳೆದು, ಅಲ್ಲಿ ತಂಗಿಸಿ, ಬಳಿಕ ಎದೆಗೇರಿಸುವ ಪದ್ಧತಿಯವರು. ಬಿಯರ್ ಕುಡಿದು ಬೆಳೆದ ದೊಡ್ಡ ಹೊಟ್ಟೆ ಇದಕ್ಕೆ ಆಸರೆಯಾಗುತ್ತಿತ್ತೆಂದು ಎದುರಾಳಿಗಳು ಹಾಸ್ಯ ಮಾಡುತ್ತಿದ್ದರು. ಫ್ರೆಂಚ್ ನಿಯಮದಲ್ಲಿ ಇದಕ್ಕೆ ಜಾಗವಿರಲಿಲ್ಲ. ಬಾರ್ ನೆಲದಿಂದ ಎದೆಗೆ ಒಂದೇ ಎಳೆತದಲ್ಲಿ, ದೇಹಕ್ಕೆ ತಾಗದೆ ಬರಬೇಕಿತ್ತು. ಒಲಿಂಪಿಕ್ಸ್ ಒಪ್ಪಿಕೊಂಡದ್ದು ಫ್ರೆಂಚ್ ನಿಯಮವನ್ನೇ. ಮತ್ತೆ ಅಂತರರಾಷ್ಟ್ರೀಯ ಕಣಕ್ಕಿಳಿಯಬೇಕಾದರೆ ಬವೇರಿಯಾದವರು ಎತ್ತುವ ಕ್ರಮವನ್ನೇ ಬದಲಿಸಿಕೊಳ್ಳಬೇಕಾಯಿತು. ಇಸ್ಮಾಯರ್‌ನ ಪೀಳಿಗೆ ಹಳೆಯ ಅಭ್ಯಾಸದ ಹೊರೆಯಿಲ್ಲದೆ ಹೊಸ ನಿಯಮದೊಂದಿಗೇ ಬೆಳೆಯಿತು.

1924ರ ಪ್ಯಾರಿಸ್ ಕೂಟದಲ್ಲಿ ಐದು ಬಗೆಯ ಎತ್ತುವಿಕೆಗಳಿದ್ದವು. ಅವುಗಳಲ್ಲಿ ಎರಡನ್ನು ಒಂದೇ ಕೈಯಲ್ಲಿ ಮಾಡಬೇಕಿತ್ತು. 1928ರ ಆಮ್‌ಸ್ಟರ್‌ಡ್ಯಾಮ್ ಹೊತ್ತಿಗೆ ಒಂಟಿ ಕೈಯ ಆಟಗಳು ಹೋಗಿ ಎರಡು ಕೈಗಳ ಮೂರು ಆಟಗಳು ಉಳಿದುಕೊಂಡವು: ಪ್ರೆಸ್, ಸ್ನ್ಯಾಚ್, ಕ್ಲೀನ್ ಅಂಡ್ ಜರ್ಕ್. ಪ್ರೆಸ್‌ನಲ್ಲಿ ಬಾರನ್ನು ಎದೆಗೆ ತಂದು, ತೀರ್ಪುಗಾರನ ಸಂಜ್ಞೆಗಾಗಿ ನಿಂತು, ಮಂಡಿ ಬಾಗಿಸದೆ ತೋಳುಗಳ ಬಲದಿಂದಲೇ ತಲೆಯ ಮೇಲಕ್ಕೆ ಒತ್ತಬೇಕು. ಸ್ನ್ಯಾಚ್‌ನಲ್ಲಿ ನೆಲದಿಂದ ತಲೆಯ ಮೇಲಕ್ಕೆ ಒಂದೇ ಚಲನೆ. ಕ್ಲೀನ್ ಅಂಡ್ ಜರ್ಕ್‌ನಲ್ಲಿ ಮೊದಲು ಎದೆಗೆ, ಆಮೇಲೆ ಕಾಲುಗಳ ಚಿಮ್ಮುವಿಕೆಯಿಂದ ಮೇಲಕ್ಕೆ. ಪ್ರತಿಯೊಂದಕ್ಕೂ ಮೂರು ಅವಕಾಶ. ಮೂರರಲ್ಲೂ ಅತ್ಯುತ್ತಮವಾದುದನ್ನು ಕೂಡಿದರೆ ಬರುವ ಮೊತ್ತವೇ ಫಲಿತಾಂಶ. ದೇಹತೂಕದ ವರ್ಗಗಳು ಐದು: 60, 67.5, 75 ಮತ್ತು 82.5 ಕಿಲೋವರೆಗಿನವು ನಾಲ್ಕು, ಅದಕ್ಕಿಂತ ಮೇಲಿನವರಿಗೆ ಐದನೆಯದು.

ಸಲಕರಣೆಯ ವಿಷಯದಲ್ಲಿ ಮಾತ್ರ ಜರ್ಮನಿ ಹಿಂದೆ ಬಿದ್ದಿರಲಿಲ್ಲ. ಹಳೆಯ ಬಾರ್ಬೆಲ್‌ಗಳ ಎರಡೂ ತುದಿಯಲ್ಲಿ ಗುಂಡುಗಳಿರುತ್ತಿದ್ದವು. ಎತ್ತುವಾಗ ಬಾರ್ ತಿರುಗಿದರೆ ಗುಂಡುಗಳ ಭಾರವೆಲ್ಲ ಮಣಿಕಟ್ಟನ್ನು ತಿರುಚುತ್ತಿತ್ತು. ನ್ಯೂರೆಂಬರ್ಗ್‌ನ ಕಾಸ್ಪರ್ ಬೆರ್ಗ್ ತಯಾರಿಸಿದ ಬಾರ್‌ನ ತುದಿಯ ತೋಳುಗಳು ಸ್ವತಂತ್ರವಾಗಿ ತಿರುಗುತ್ತಿದ್ದವು. ಅದಕ್ಕೆ ಬಿಲ್ಲೆಗಳನ್ನು ಏರಿಸಿ ಇಳಿಸಿ ತೂಕ ಬದಲಿಸಬಹುದಿತ್ತು. ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಬಳಸಿದ್ದು ಬೆರ್ಗ್‌ನ ಈ ಬಾರ್ಬೆಲ್. ಸ್ನ್ಯಾಚ್ ಮತ್ತು ಕ್ಲೀನ್‌ನಂಥ ವೇಗದ ಆಟಗಳಲ್ಲಿ ಮೊತ್ತಗಳು ಏರುತ್ತ ಹೋದದ್ದಕ್ಕೆ ತರಬೇತಿ ಎಷ್ಟು ಕಾರಣವೋ ಈ ಕಬ್ಬಿಣದ ಸರಳೂ ಅಷ್ಟೇ ಕಾರಣ.

ಆಮ್‌ಸ್ಟರ್‌ಡ್ಯಾಮ್‌ಗೆ ಜರ್ಮನಿ ಮರಳಿತು. ಮರಳಿದ ಮೊದಲ ಕೂಟದಲ್ಲೇ ಒಟ್ಟು ಹತ್ತು ಚಿನ್ನ ಗೆದ್ದಿತು. ಅವುಗಳಲ್ಲಿ ಎರಡು ಭಾರ ಎತ್ತುವವರದ್ದು. 67.5 ಕಿಲೋ ವರ್ಗದಲ್ಲಿ ಕುರ್ಟ್ ಹೆಲ್ಬಿಗ್ ಮತ್ತು ಆಸ್ಟ್ರಿಯಾದ ಹಾನ್ಸ್ ಹಾಸ್ ಇಬ್ಬರೂ 322.5 ಕಿಲೋ ಎತ್ತಿ ಚಿನ್ನ ಹಂಚಿಕೊಂಡರು. ಹೆವಿವೇಟ್‌ನಲ್ಲಿ ಜೋಸೆಫ್ ಷ್ಟ್ರಾಸ್‌ಬರ್ಗರ್ 372.5 ಕಿಲೋ ಎತ್ತಿ ಗೆದ್ದ. 1894ರಲ್ಲಿ ಬವೇರಿಯಾದ ಕೋಲ್ಬರ್‌ಮೋರ್‌ನಲ್ಲಿ ಹುಟ್ಟಿದ ಷ್ಟ್ರಾಸ್‌ಬರ್ಗರ್ ಹಳೆಯ ಪೀಳಿಗೆಯ ಕೊನೆಯ ದೊಡ್ಡ ಹೆಸರು. ತಾರುಣ್ಯದ ವರ್ಷಗಳು ಯುದ್ಧಕ್ಕೂ ಬಹಿಷ್ಕಾರಕ್ಕೂ ಹೋಗಿ, ಒಲಿಂಪಿಕ್ ಕಣಕ್ಕಿಳಿದಾಗ ವಯಸ್ಸು ಮೂವತ್ತನಾಲ್ಕರ ಆಸುಪಾಸಿನಲ್ಲಿತ್ತು. ಇಸ್ಮಾಯರ್‌ಗೆ ಆಗಿನ್ನೂ ಇಪ್ಪತ್ತು ತುಂಬಿರಲಿಲ್ಲ. 75 ಕಿಲೋ ವರ್ಗದ ಚಿನ್ನ ಅಲ್ಲಿ ಫ್ರಾನ್ಸ್‌ನ ರೋಜೆ ಫ್ರಾಂಸ್ವಾ ಪಾಲಾಯಿತು. ಇಟಲಿಯ ಕಾರ್ಲೊ ಗಾಲಿಂಬೆರ್ಟಿ ಕೇವಲ ಎರಡೂವರೆ ಕಿಲೋ ಅಂತರದಲ್ಲಿ ಎರಡನೆಯವನಾದ. ನಾಲ್ಕು ವರ್ಷಗಳ ಬಳಿಕ ಇಸ್ಮಾಯರ್‌ಗೆ ಎದುರಾದವರು ಇವರೇ ಇಬ್ಬರು.

1932ರ ಲಾಸ್ ಏಂಜಲೀಸ್ ಕೂಟ ಆರ್ಥಿಕ ಮಹಾಕುಸಿತದ ನಡುವೆ ನಡೆಯಿತು. ಜರ್ಮನಿಯಲ್ಲಿ ಆ ವರ್ಷದ ಆರಂಭದಲ್ಲಿ ನಿರುದ್ಯೋಗಿಗಳ ಸಂಖ್ಯೆ 60 ಲಕ್ಷ ಮುಟ್ಟಿತ್ತು. ಯುರೋಪಿನಿಂದ ಕ್ಯಾಲಿಫೋರ್ನಿಯಾಕ್ಕೆ ಹೋಗಬೇಕೆಂದರೆ ಹಡಗಿನಲ್ಲಿ ಅಟ್ಲಾಂಟಿಕ್ ದಾಟಿ, ಮತ್ತೆ ರೈಲಿನಲ್ಲಿ ಇಡೀ ಅಮೆರಿಕವನ್ನು ಅಡ್ಡ ಹಾಯಬೇಕು. ಖರ್ಚಿಗೆ ಹೆದರಿ ದೇಶಗಳು ತಂಡಗಳನ್ನು ಕತ್ತರಿಸಿದವು. ಆಮ್‌ಸ್ಟರ್‌ಡ್ಯಾಮ್‌ಗೆ ಬಂದವರ ಅರ್ಧದಷ್ಟು ಸ್ಪರ್ಧಿಗಳೂ ಲಾಸ್ ಏಂಜಲೀಸ್ ತಲುಪಲಿಲ್ಲ. ಭಾರ ಎತ್ತುವ ವಿಭಾಗದಲ್ಲಿ ಬೆರಳೆಣಿಕೆಯ ದೇಶಗಳ ಮೂವತ್ತರೊಳಗಿನ ಸ್ಪರ್ಧಿಗಳಷ್ಟೇ ಇದ್ದರು.  ಈಜಿಪ್ಟ್ ಬರಲೇ ಇಲ್ಲ. ಇಸ್ಮಾಯರ್‌ನ ಚಿನ್ನವನ್ನು ತೂಗುವಾಗ ಇದನ್ನೂ ನೆನಪಿಡಬೇಕು. ಹಾಗೆಂದು ಆ ಚಿನ್ನ ಸುಲಭದ್ದೇನಲ್ಲ: 75 ಕಿಲೋ ವರ್ಗದಲ್ಲಿ ಹಿಂದಿನ ಎರಡೂ ಒಲಿಂಪಿಕ್ ಚಾಂಪಿಯನ್ನರು ಕಣದಲ್ಲಿದ್ದರು.

ಸ್ಪರ್ಧೆ ನಡೆದದ್ದು ನಗರದ ಒಲಿಂಪಿಕ್ ಆಡಿಟೋರಿಯಂನಲ್ಲಿ, ಜುಲೈ 30 ಮತ್ತು 31ರಂದು. ಇಸ್ಮಾಯರ್ ಪ್ರೆಸ್‌ನಲ್ಲಿ 102.5, ಸ್ನ್ಯಾಚ್‌ನಲ್ಲಿ 110, ಜರ್ಕ್‌ನಲ್ಲಿ 132.5, ಒಟ್ಟು 345 ಕಿಲೋ ಎತ್ತಿದ. ಗಾಲಿಂಬೆರ್ಟಿಯದು 340, ಆಸ್ಟ್ರಿಯಾದ ಕಾರ್ಲ್ ಹಿಪ್‌ಫಿಂಗರ್‌ನದು 337.5. ಪ್ರೆಸ್ ಮತ್ತು ಜರ್ಕ್ ಎರಡರಲ್ಲೂ ಗಾಲಿಂಬೆರ್ಟಿ ಜರ್ಮನ್ನನ ಸಮಕ್ಕೆ ನಿಂತಿದ್ದ. ಐದು ಕಿಲೋಗಳ ಇಡೀ ಅಂತರ ಬಂದದ್ದು ಸ್ನ್ಯಾಚ್‌ನಿಂದ. ಜರ್ಕ್‌ನಲ್ಲಿ ಹಿಪ್‌ಫಿಂಗರ್ 140 ಎತ್ತಿ ಎಲ್ಲರನ್ನೂ ಮೀರಿಸಿದರೂ ಪ್ರೆಸ್‌ನಲ್ಲಿ ಕಳೆದುಕೊಂಡದ್ದನ್ನು ಅದರಿಂದ ತುಂಬಲಾಗಲಿಲ್ಲ. ಹೀಗೆ ಯಾವ ಒಂದು ಆಟದಲ್ಲೂ ಬೆರಗು ಹುಟ್ಟಿಸದೆ, ಮೂರರಲ್ಲೂ ಸಡಿಲು ಬಿಡದೆ ಗೆದ್ದದ್ದು ಇಸ್ಮಾಯರ್‌ನ ಕ್ರಮ. ಸೋತ ಗಾಲಿಂಬೆರ್ಟಿಯ ಬಗ್ಗೆ ಒಂದು ಮಾತು ಹೇಳಲೇಬೇಕು: ಮಿಲಾನ್‌ನ ಅಗ್ನಿಶಾಮಕ ದಳದಲ್ಲಿ ಕೆಲಸಕ್ಕಿದ್ದ ಗಾಲಿಂಬೆರ್ಟಿ 1939ರಲ್ಲಿ ಕರ್ತವ್ಯದಲ್ಲಿರುವಾಗಲೇ ಸ್ಫೋಟಕ್ಕೆ ಸಿಕ್ಕಿ ಸತ್ತ. ಮೂರು ಒಲಿಂಪಿಕ್ ಪದಕಗಳ ಈ ಬಲಶಾಲಿ ಆ ಕಾಲದ ಹವ್ಯಾಸಿ ಕ್ರೀಡೆಯ ನಿಜವಾದ ಮುಖ.

ಜರ್ಮನಿಗೆ ಆ ಕೂಟದಲ್ಲಿ ಸಿಕ್ಕ ಕ್ರೀಡಾ ಚಿನ್ನಗಳು ಮೂರೇ: ಇಸ್ಮಾಯರ್‌ನದು, ಕುಸ್ತಿಯಲ್ಲಿ ನ್ಯೂರೆಂಬರ್ಗ್‌ನ ಯಾಕೋಬ್ ಬ್ರೆಂಡೆಲ್‌ನದು, ದೋಣಿ ಸ್ಪರ್ಧೆಯ ನಾಲ್ವರ ತಂಡದ್ದು. ಕಾಂಚನಜುಂಗಾ ಏರಲು ಹೋಗಿದ್ದ ಪಾಲ್ ಬವರ್‌ಗೆ ಆ ಸಾಹಸದ ಪುಸ್ತಕಕ್ಕಾಗಿ ಸಾಹಿತ್ಯ ವಿಭಾಗದಲ್ಲಿ ಇನ್ನೊಂದು ಚಿನ್ನ ಬಂತು. ಒಲಿಂಪಿಕ್ಸ್‌ನಲ್ಲಿ ಆಗ ಕಲೆ, ಸಾಹಿತ್ಯಗಳಿಗೂ ಪದಕಗಳಿದ್ದವು. ಷ್ಟ್ರಾಸ್‌ಬರ್ಗರ್ ಹೆವಿವೇಟ್‌ನಲ್ಲಿ 377.5 ಕಿಲೋ ಎತ್ತಿ, 1928ರ ತನ್ನ ಚಿನ್ನದ ಮೊತ್ತಕ್ಕಿಂತ ಐದು ಕಿಲೋ ಹೆಚ್ಚು ಮಾಡಿಯೂ, ಕಂಚಿಗೆ ತೃಪ್ತಿಪಡಬೇಕಾಯಿತು. 60 ಕಿಲೋ ವರ್ಗದಲ್ಲಿ ಹಾನ್ಸ್ ವ್ಯೋಲ್‌ಪರ್ಟ್ ಬೆಳ್ಳಿ ಪಡೆದ.

ಆ ಜುಲೈ 31ಕ್ಕೆ ಜರ್ಮನಿಯ ಇತಿಹಾಸದಲ್ಲಿ ಬೇರೆಯದೇ ಮಹತ್ವವಿದೆ. ಅಂದು ನಡೆದ ಸಂಸತ್ ಚುನಾವಣೆಯಲ್ಲಿ ನಾಜಿ ಪಕ್ಷ ಶೇ 37.3ರಷ್ಟು ಮತ ಗಳಿಸಿ, 230 ಸ್ಥಾನಗಳೊಂದಿಗೆ ಮೊದಲ ಬಾರಿಗೆ ಅತಿದೊಡ್ಡ ಪಕ್ಷವಾಯಿತು. ಲಾಸ್ ಏಂಜಲೀಸ್‌ಗೆ ಹೋದ ತಂಡ ಕಪ್ಪು, ಕೆಂಪು, ಚಿನ್ನದ ಬಣ್ಣಗಳ ವೈಮಾರ್ ಗಣರಾಜ್ಯದ ಧ್ವಜದಡಿ ಸ್ಪರ್ಧಿಸಿತ್ತು. ಬೇಸಿಗೆ ಒಲಿಂಪಿಕ್ಸ್‌ನಲ್ಲಿ ವಿಜಯವೇದಿಕೆಯ ಮೇಲೆ ಗೆದ್ದವರನ್ನು ನಿಲ್ಲಿಸುವ ಪದ್ಧತಿ ಶುರುವಾದದ್ದೂ ಆ ಕೂಟದಲ್ಲೇ. ಆರು ತಿಂಗಳ ಬಳಿಕ, 1933ರ ಜನವರಿ 30ರಂದು, ಹಿಟ್ಲರ್ ಚಾನ್ಸಲರ್ ಆದ.

ಕ್ರೀಡಾ ಸಂಸ್ಥೆಗಳ ಮೇಲೆ ಹಿಡಿತ ಸಾಧಿಸಲು ಹೊಸ ಆಡಳಿತ ಹೆಚ್ಚು ಕಾಲ ತೆಗೆದುಕೊಳ್ಳಲಿಲ್ಲ. ಕಾರ್ಮಿಕ ಅಥ್ಲೀಟರ ಒಕ್ಕೂಟ 1933ರಲ್ಲೇ ನಿಷೇಧಕ್ಕೆ ಒಳಗಾಯಿತು. ಹಾನ್ಸ್ ಫಾನ್ ಚಾಮರ್ ಉಂಡ್ ಓಸ್ಟನ್ ಎಂಬ ನಾಜಿ ಅಧಿಕಾರಿ ಇಡೀ ದೇಶದ ಕ್ರೀಡೆಗೆ ಮುಖ್ಯಸ್ಥನಾಗಿ ಬಂದ. ಯಹೂದಿ ಸದಸ್ಯರನ್ನು ಕ್ಲಬ್ಬುಗಳಿಂದ ಹೊರಹಾಕಲಾಯಿತು. ಕುಸ್ತಿ ಮತ್ತು ಭಾರ ಎತ್ತುವಿಕೆಯ ಜಗತ್ತಿನಲ್ಲಿ ಇದರ ಪೆಟ್ಟು ತಿಂದವರಲ್ಲಿ ಬರ್ಲಿನ್‌ನ ಕುಸ್ತಿಪಟು ವೆರ್ನರ್ ಸೀಲೆನ್‌ಬಿಂಡರ್‌ನ ಹೆಸರು ಮುಖ್ಯ. ಕಮ್ಯುನಿಸ್ಟನಾಗಿದ್ದ ಸೀಲೆನ್‌ಬಿಂಡರ್ 1933ರಲ್ಲಿ ಪದಕ ಪಡೆಯುವಾಗ ನಾಜಿ ವಂದನೆ ಸಲ್ಲಿಸಲು ಒಪ್ಪದೆ ಕೆಲಕಾಲ ನಿಷೇಧಕ್ಕೆ ಗುರಿಯಾದ. ಮುಂದೆ 1936ರಲ್ಲಿ ಬರ್ಲಿನ್ ಒಲಿಂಪಿಕ್ಸ್‌ನಲ್ಲಿ ಸ್ಪರ್ಧಿಸಿ ನಾಲ್ಕನೆಯವನಾದ. 1944ರಲ್ಲಿ ಪ್ರತಿರೋಧ ಚಟುವಟಿಕೆಗಾಗಿ ಅವನಿಗೆ ಮರಣದಂಡನೆಯಾಯಿತು.

ಇಸ್ಮಾಯರ್ ಈ ವರ್ಷಗಳಲ್ಲಿ ಸ್ಪರ್ಧೆಯಲ್ಲೇ ಮುಂದುವರಿದ. ಯುರೋಪಿಯನ್ ಚಾಂಪಿಯನ್ ಪಟ್ಟವನ್ನು ಹಲವು ಬಾರಿ ಗೆದ್ದ. ಯುರೋಪಿನೊಳಗೆ 75 ಕಿಲೋ ವರ್ಗದಲ್ಲಿ ಇವನನ್ನು ಹಿಂದಿಕ್ಕುವವರು ಹೆಚ್ಚಿರಲಿಲ್ಲ. ತೊಂದರೆ ಬರಲಿದ್ದುದು ಯುರೋಪಿನ ಹೊರಗಿನಿಂದ.

ಬರ್ಲಿನ್‌ಗೆ ಒಲಿಂಪಿಕ್ಸ್ ಕೊಡುವ ತೀರ್ಮಾನ 1931ರಲ್ಲಿ, ವೈಮಾರ್ ಗಣರಾಜ್ಯದ ಕಾಲದಲ್ಲೇ ಆಗಿತ್ತು. ಅದನ್ನು ಬಳಸಿಕೊಂಡದ್ದು ಮಾತ್ರ ನಾಜಿ ಸರ್ಕಾರ. 1936ರ ಆಗಸ್ಟ್ 1ರಂದು ಲಕ್ಷದ ಆಸುಪಾಸಿನ ಪ್ರೇಕ್ಷಕರ ಎದುರು ಕೂಟ ಆರಂಭವಾಯಿತು. ರಿಚರ್ಡ್ ಷ್ಟ್ರಾಸ್ ರಚಿಸಿದ ಒಲಿಂಪಿಕ್ ಗೀತೆ ಮೊಳಗಿತು. ಒಲಿಂಪಿಯಾದಿಂದ ಓಟಗಾರರ ಕೈ ಬದಲಿಸುತ್ತ ಮೊದಲ ಬಾರಿಗೆ ತಂದ ಜ್ಯೋತಿಯನ್ನು ಫ್ರಿಟ್ಸ್ ಷಿಲ್ಗೆನ್ ಬೆಳಗಿಸಿದ. 1896ರ ಮ್ಯಾರಥಾನ್ ವಿಜೇತ, ಗ್ರೀಸ್‌ನ ಸ್ಪಿರಿಡನ್ ಲೂಯಿಸ್ ಹಿಟ್ಲರ್‌ಗೆ ಆಲಿವ್ ರೆಂಬೆ ಕೊಟ್ಟ. ಆಮೇಲೆ ಇಸ್ಮಾಯರ್ ಮೆಟ್ಟಿಲೇರಿ ಪ್ರತಿಜ್ಞೆ ಹೇಳಿದ.

ಒಲಿಂಪಿಕ್ ಪ್ರತಿಜ್ಞೆ 1920ರಲ್ಲಿ ಆಂಟ್‌ವರ್ಪ್‌ನಲ್ಲಿ ಬೆಲ್ಜಿಯಂನ ವಿಕ್ಟರ್ ಬುವಾನಿಂದ ಶುರುವಾದ ಸಂಪ್ರದಾಯ. ಆತಿಥೇಯ ದೇಶದ ಕ್ರೀಡಾಪಟುವೊಬ್ಬ ಎಲ್ಲರ ಪರವಾಗಿ, ನಿಯಮ ಪಾಲಿಸಿ ಕ್ರೀಡಾಮನೋಭಾವದಿಂದ ಸ್ಪರ್ಧಿಸುತ್ತೇವೆಂದು ಹೇಳಬೇಕು. ಜರ್ಮನಿಗೆ 1932ರ ವೈಯಕ್ತಿಕ ಚಿನ್ನ ಗೆದ್ದವರಿದ್ದದ್ದು ಇಬ್ಬರೇ, ಇಸ್ಮಾಯರ್ ಮತ್ತು ಬ್ರೆಂಡೆಲ್. ಹೀಗಾಗಿ ಹಾಲಿ ಚಾಂಪಿಯನ್ನನನ್ನೇ ನಿಲ್ಲಿಸಬೇಕೆಂದರೆ ಆಯ್ಕೆಗೆ ಹೆಚ್ಚು ಅವಕಾಶವೂ ಇರಲಿಲ್ಲ. ಇಸ್ಮಾಯರ್ ಬಲಗೈ ಎತ್ತಿ, ಎಡಗೈಯಲ್ಲಿ ಧ್ವಜದ ಅಂಚು ಹಿಡಿದು ಪ್ರತಿಜ್ಞೆ ಹೇಳಿದ. ಹಿಡಿದದ್ದು ಐದು ಉಂಗುರಗಳ ಒಲಿಂಪಿಕ್ ಧ್ವಜವನ್ನಲ್ಲ, ಸ್ವಸ್ತಿಕದ ಧ್ವಜವನ್ನು. 1935ರ ಸೆಪ್ಟೆಂಬರ್‌ನಿಂದ ಅದೊಂದೇ ಜರ್ಮನಿಯ ರಾಷ್ಟ್ರಧ್ವಜವಾಗಿತ್ತು. ಯಹೂದಿಗಳ ಪೌರತ್ವ ಕಿತ್ತುಕೊಂಡ ನ್ಯೂರೆಂಬರ್ಗ್ ಕಾನೂನುಗಳ ಜೊತೆಗೇ ಧ್ವಜದ ಕಾನೂನೂ ಬಂದಿತ್ತು. ಈಚಿನ ದಶಕಗಳಲ್ಲಿ ಪ್ರತಿಜ್ಞೆ ಹೇಳುವವರು ಒಲಿಂಪಿಕ್ ಧ್ವಜವನ್ನೇ ಹಿಡಿಯುತ್ತಾರೆ. ಸಮಾನ ಸ್ಪರ್ಧೆಯ ಮಾತನ್ನು ಆ ಧ್ವಜ ಹಿಡಿದು ಆಡಿದ ಈ ಚಿತ್ರ, ಬರ್ಲಿನ್ ಕೂಟದ ಎಲ್ಲ ವಿವರಣೆಗಳಲ್ಲೂ ಕಾಣಿಸಿಕೊಳ್ಳುತ್ತ ಬಂದಿದೆ. ಅದನ್ನು ಒಬ್ಬ ವೇಟ್‌ಲಿಫ್ಟರ್‌ನ ಸ್ವಂತ ನಿಲುವಿನ ಘೋಷಣೆಯೆಂದು ಓದುವುದಕ್ಕಿಂತ ಸರ್ಕಾರ ಸಜ್ಜುಗೊಳಿಸಿದ ವೇದಿಕೆಯ ಒಂದು ಭಾಗವೆಂದು ಓದುವುದು ಹೆಚ್ಚು ಸರಿ. ಆದರೆ ಸೀಲೆನ್‌ಬಿಂಡರ್‌ನಂಥವರೂ ಅದೇ ತಂಡದಲ್ಲಿದ್ದರು ಎಂಬುದನ್ನು ಬದಿಗಿಡಲಾಗದು.

ಭಾರ ಎತ್ತುವ ಸ್ಪರ್ಧೆಗಳು ಡಾಯ್ಚ್‌ಲಾಂಡ್‌ಹಾಲೆ ಎಂಬ ಒಳಾಂಗಣದಲ್ಲಿ ಆಗಸ್ಟ್ ಮೊದಲ ವಾರ ನಡೆದವು. 1935ರ ನವೆಂಬರ್‌ನಲ್ಲಿ ತೆರೆದಿದ್ದ ಈ ಸಭಾಂಗಣದಲ್ಲೇ ಕುಸ್ತಿ ಮತ್ತು ಬಾಕ್ಸಿಂಗ್ ಕೂಡ ಏರ್ಪಾಡಾಗಿದ್ದವು. ಬರ್ಲಿನ್ ಒಲಿಂಪಿಕ್ಸ್ ಎಂದರೆ ಕನ್ನಡ ಓದುಗರಿಗೆ ನೆನಪಾಗುವುದು ಜೆಸ್ಸಿ ಓವೆನ್ಸ್, ಇಲ್ಲವೇ ಹಾಕಿ ಫೈನಲ್‌ನಲ್ಲಿ ಜರ್ಮನಿಯನ್ನು 8–1ರಿಂದ ಸೋಲಿಸಿದ ಧ್ಯಾನ್‌ಚಂದ್ ತಂಡ. ಭಾರ ಎತ್ತುವ ವಿಭಾಗದಲ್ಲೂ ಭಾರತದ ಹೆಸರಿನಲ್ಲಿ ಒಬ್ಬನಿದ್ದ: ಬರ್ಮಾದ ಝಾ ವೈಕ್. ಬರ್ಮಾ ಆಗಿನ್ನೂ ಬ್ರಿಟಿಷ್ ಇಂಡಿಯಾದ ಭಾಗವಾಗಿದ್ದರಿಂದ 82.5 ಕಿಲೋ ವರ್ಗದಲ್ಲಿ ಭಾರತದ ಪರ ಕಣಕ್ಕಿಳಿದಿದ್ದ.

75 ಕಿಲೋ ವರ್ಗದಲ್ಲಿ ಹಾಲಿ ಚಾಂಪಿಯನ್ನನಾಗಿ, ಸ್ವದೇಶದ ಪ್ರೇಕ್ಷಕರ ಎದುರು ಬಂದ ಇಸ್ಮಾಯರ್‌ಗೆ ಎದುರಾದದ್ದು ಈಜಿಪ್ಟ್‌ನ ಖದ್ರ್ ಎಲ್ ಟೂನಿ. ಇನ್ನೂ ಇಪ್ಪತ್ತು ತುಂಬದ ಹುಡುಗ. ಎಲ್ ಟೂನಿ ಪ್ರೆಸ್‌ನಲ್ಲಿ 117.5, ಸ್ನ್ಯಾಚ್‌ನಲ್ಲಿ 120, ಜರ್ಕ್‌ನಲ್ಲಿ 150 ಎತ್ತಿ ಒಟ್ಟು 387.5 ಕಿಲೋ ಮಾಡಿದ. ಇಸ್ಮಾಯರ್‌ನದು 107.5, 102.5, 142.5, ಒಟ್ಟು 352.5. ಅಂತರ 35 ಕಿಲೋ. ಅರ್ಧ, ಒಂದು ಬಿಲ್ಲೆಯಲ್ಲಿ ಪದಕ ತೀರ್ಮಾನವಾಗುವ ಕ್ರೀಡೆಯಲ್ಲಿ ಇದು ಊಹೆಗೂ ನಿಲುಕದ ಮಾತು. ಒಂದು ಮೆಟ್ಟಿಲು ಮೇಲಿನ 82.5 ಕಿಲೋ ವರ್ಗದಲ್ಲಿ ಫ್ರಾನ್ಸ್‌ನ ಲೂಯಿ ಒಸ್ತಾಂ 372.5 ಕಿಲೋಗೆ ಚಿನ್ನ ಪಡೆದ. ಎಲ್ ಟೂನಿಯ ಮೊತ್ತ ಅದಕ್ಕಿಂತ ಹದಿನೈದು ಕಿಲೋ ಜಾಸ್ತಿ. ನಾಲ್ಕು ವರ್ಷ ಹಿಂದೆ ಲಾಸ್ ಏಂಜಲೀಸ್‌ನಲ್ಲಿ ಹೆವಿವೇಟ್ ಚಿನ್ನಕ್ಕೆ 380 ಸಾಕಾಗಿತ್ತು.

ಇಸ್ಮಾಯರ್‌ನ ಎರಡು ಒಲಿಂಪಿಕ್ಸ್‌ಗಳ ಅಂಕಿಗಳನ್ನು ಪಕ್ಕಪಕ್ಕದಲ್ಲಿಟ್ಟರೆ ಸೋಲಿನ ಸ್ವರೂಪ ತಿಳಿಯುತ್ತದೆ. ಪ್ರೆಸ್ ಐದು ಕಿಲೋ ಏರಿತ್ತು, ಜರ್ಕ್ ಹತ್ತು ಕಿಲೋ ಏರಿತ್ತು. 1932ರಲ್ಲಿ ಚಿನ್ನ ತಂದುಕೊಟ್ಟ ಸ್ನ್ಯಾಚ್ ಮಾತ್ರ ಏಳೂವರೆ ಕಿಲೋ ಇಳಿದಿತ್ತು. ಎಲ್ ಟೂನಿಯೊಂದಿಗಿನ 35 ಕಿಲೋ ಅಂತರದ ಸರಿಯಾಗಿ ಅರ್ಧ, ಅಂದರೆ ಹದಿನೇಳೂವರೆ ಕಿಲೋ, ಆ ಒಂದೇ ಆಟದಲ್ಲಿ ಹೋಯಿತು. ಆದರೆ ಲಾಸ್ ಏಂಜಲೀಸ್‌ನ 110ನ್ನೇ ಇಲ್ಲೂ ಎತ್ತಿದ್ದರೂ ಮೊತ್ತ 360 ದಾಟುತ್ತಿರಲಿಲ್ಲ. ಇಸ್ಮಾಯರ್ ಕುಗ್ಗಿದ್ದಕ್ಕಿಂತ ಕ್ರೀಡೆಯೇ ಮುಂದಕ್ಕೆ ಜಿಗಿದಿತ್ತು. ಬೆಳ್ಳಿಯೂ ಕೂದಲೆಳೆಯಲ್ಲೇ ಉಳಿಯಿತು: ಇನ್ನೊಬ್ಬ ಜರ್ಮನ್, ಅಡಾಲ್ಫ್ ವಾಗ್ನರ್, ಅಷ್ಟೇ 352.5 ಕಿಲೋ ಎತ್ತಿದ್ದ. ಮೊತ್ತ ಸಮನಾದರೆ ದೇಹತೂಕ ಕಡಿಮೆಯಿದ್ದವನಿಗೆ ಮೇಲಿನ ಸ್ಥಾನ ಎಂಬ ನಿಯಮ ಇಸ್ಮಾಯರ್‌ನ ಕೈಹಿಡಿಯಿತು.

ಜರ್ಮನಿಗೆ ಚಿನ್ನ ತಂದದ್ದು ಹೆವಿವೇಟ್‌ನ ಜೋಸೆಫ್ ಮಾಂಗರ್. 1913ರಲ್ಲಿ ಬವೇರಿಯಾದ ಬಾಂಬರ್ಗ್‌ನಲ್ಲಿ ಹುಟ್ಟಿದ ಮಾಂಗರ್ 410 ಕಿಲೋ ಎತ್ತಿದ. ಎಂಟು ವರ್ಷ ಹಿಂದೆ ಷ್ಟ್ರಾಸ್‌ಬರ್ಗರ್‌ಗೆ ಸೋತು ಬೆಳ್ಳಿ ಪಡೆದಿದ್ದ ಎಸ್ಟೋನಿಯಾದ ಆರ್ನಾಲ್ಡ್ ಲುಹಾರ್ ಈಗ 360ರಿಂದ 400ಕ್ಕೆ ಏರಿಯೂ ಮೂರನೆಯವನಾದ. 82.5 ಕಿಲೋದಲ್ಲಿ ಆಯ್ಗೆನ್ ಡಾಯ್ಚ್ ಬೆಳ್ಳಿ, 67.5ರಲ್ಲಿ ಕಾರ್ಲ್ ಯಾನ್ಸೆನ್ ಕಂಚು ಪಡೆದರು. ಆ 67.5 ಕಿಲೋ ವರ್ಗದ ಫಲಿತಾಂಶ ಆತಿಥೇಯರ ಜನಾಂಗ ಸಿದ್ಧಾಂತಕ್ಕೆ ಇರುಸುಮುರುಸಿನದ್ದೇ ಆಗಿತ್ತು. 342.5 ಕಿಲೋಗೆ ಚಿನ್ನ ಹಂಚಿಕೊಂಡ ಇಬ್ಬರಲ್ಲಿ ಒಬ್ಬ ಈಜಿಪ್ಟ್‌ನ ಮೊಹಮದ್ ಮೆಸ್ಬಾ, ಇನ್ನೊಬ್ಬ ವಿಯೆನ್ನಾದ ಯಹೂದಿ ರಾಬರ್ಟ್ ಫೈನ್. ಈಜಿಪ್ಟ್ ಒಟ್ಟು ಐದು ಪದಕಗಳನ್ನು ಗೆದ್ದಿತು, ಜರ್ಮನಿಯೂ ಐದನ್ನೇ. ಆದರೆ ಈಜಿಪ್ಟ್‌ಗೆ ಎರಡು ಚಿನ್ನ, ಜರ್ಮನಿಗೆ ಒಂದು.

ಬರ್ಲಿನ್ ನಂತರ ಜರ್ಮನ್ ವೇಟ್‌ಲಿಫ್ಟಿಂಗ್‌ನ ಮುಖ ಮಾಂಗರ್. 1937 ಮತ್ತು 1938ರಲ್ಲಿ ಆತ ವಿಶ್ವ ಚಾಂಪಿಯನ್. 1938ರ ವಿಶ್ವ ಚಾಂಪಿಯನ್‌ಷಿಪ್ ನಡೆದ ವಿಯೆನ್ನಾ ಆ ಹೊತ್ತಿಗೆ ಹಿಟ್ಲರ್‌ನ ಜರ್ಮನಿಗೆ ಸೇರಿಹೋಗಿತ್ತು. ಹಾಸ್ ಮತ್ತು ಫೈನ್‌ರಂಥ ಚಾಂಪಿಯನ್ನರನ್ನು ಕೊಟ್ಟ ಆಸ್ಟ್ರಿಯಾ ಎಂಬ ಹೆಸರು ಸ್ಪರ್ಧಾಪಟ್ಟಿಯಿಂದಲೇ ಮಾಯವಾಗಿತ್ತು. ಅಲ್ಲಿ 82.5 ಕಿಲೋ ಚಿನ್ನ ಗೆದ್ದವನು ನ್ಯೂಯಾರ್ಕ್‌ನ ಹದಿನೇಳು ವರ್ಷದ ಕಪ್ಪು ಹುಡುಗ ಜಾನ್ ಡೇವಿಸ್. ಮುಂದೆ ಎರಡು ಒಲಿಂಪಿಕ್ ಚಿನ್ನ ಗೆಲ್ಲಲಿದ್ದ. 1939ರಲ್ಲಿ ಯುದ್ಧ ಶುರುವಾಗಿ 1940 ಮತ್ತು 1944ರ ಒಲಿಂಪಿಕ್ಸ್‌ಗಳು ರದ್ದಾದವು. 1948ರ ಲಂಡನ್‌ಗೆ ಜರ್ಮನಿಯನ್ನು ಮತ್ತೊಮ್ಮೆ ಕರೆಯಲಿಲ್ಲ. 1952ರಲ್ಲಿ ಜರ್ಮನರು ಮರಳುವಾಗ ಇಸ್ಮಾಯರ್‌ಗೆ ನಲವತ್ತಮೂರು. ಎಲ್ ಟೂನಿ ಮಾತ್ರ ಯುದ್ಧದ ನಂತರವೂ ವಿಶ್ವ ಚಾಂಪಿಯನ್ ಆಗಿ, 1956ರಲ್ಲಿ ಮನೆಯಲ್ಲಿ ವಿದ್ಯುತ್ ಆಘಾತಕ್ಕೆ ಸಿಕ್ಕಿ ಕಡಿಮೆ ವಯಸ್ಸಿಗೇ ತೀರಿಕೊಂಡ. ಷ್ಟ್ರಾಸ್‌ಬರ್ಗರ್ 1950ರಲ್ಲಿ ಮ್ಯೂನಿಕ್‌ನಲ್ಲಿ ನಿಧನನಾದ.

ಇಸ್ಮಾಯರ್ ಆಡಿದ ಮೂರು ಆಟಗಳ ರೂಪ 1972ರವರೆಗೆ ಉಳಿಯಿತು. ಕಾಲ ಕಳೆದಂತೆ ಪ್ರೆಸ್‌ನಲ್ಲಿ ಬೆನ್ನನ್ನು ಹಿಂದಕ್ಕೆ ಬಾಗಿಸಿ, ದೇಹದ ಜೋರಿನಿಂದ ತಳ್ಳುವುದು ಹೆಚ್ಚಿ, ಯಾವುದು ನಿಯಮಬದ್ಧ ಯಾವುದು ಅಲ್ಲ ಎಂದು ತೀರ್ಪುಗಾರರಿಗೇ ಹೇಳಲಾಗದಂತಾಯಿತು. ಕೊನೆಗೆ ಮ್ಯೂನಿಕ್ ಒಲಿಂಪಿಕ್ಸ್ ಮುಗಿದ ಮೇಲೆ ಪ್ರೆಸ್ ಅನ್ನು ಕೈಬಿಡಲಾಯಿತು. 1936ರಲ್ಲಿ ಮಾಂಗರ್ ಗೆದ್ದ ಬಳಿಕ ಜರ್ಮನರಿಗೆ ಈ ಕ್ರೀಡೆಯಲ್ಲಿ ಮತ್ತೆ ಒಲಿಂಪಿಕ್ ಚಿನ್ನ ಸಿಗಲು 48 ವರ್ಷ ಬೇಕಾಯಿತು. 1984ರಲ್ಲಿ, ಸೋವಿಯತ್ ಒಕ್ಕೂಟ ಮತ್ತು ಜೊತೆಗಾರ ದೇಶಗಳು ಬಹಿಷ್ಕರಿಸಿದ್ದ ಲಾಸ್ ಏಂಜಲೀಸ್ ಕೂಟದಲ್ಲಿ, ಪಶ್ಚಿಮ ಜರ್ಮನಿಯ ರೋಲ್ಫ್ ಮಿಲ್ಸರ್ ಮತ್ತು ಕಾರ್ಲ್-ಹೈನ್ಸ್ ರಾಡ್‌ಷಿನ್‌ಸ್ಕಿ ಚಿನ್ನ ಗೆದ್ದರು. ರಾಡ್‌ಷಿನ್‌ಸ್ಕಿ ಬವೇರಿಯಾದವನು, ಸ್ಪರ್ಧಿಸಿದ್ದೂ 75 ಕಿಲೋ ವರ್ಗದಲ್ಲೇ. ಎರಡೇ ಆಟಗಳಲ್ಲಿ ಆತ ಎತ್ತಿದ್ದು 340 ಕಿಲೋ, ಇಸ್ಮಾಯರ್ 1932ರಲ್ಲಿ ಮೂರು ಆಟಗಳಲ್ಲಿ ಎತ್ತಿದ್ದಕ್ಕಿಂತ ಐದು ಕಿಲೋ ಕಡಿಮೆ.

ಇಸ್ಮಾಯರ್ ತನ್ನ ಕಾಲದ ಎದುರಾಳಿಗಳಲ್ಲಿ ಹೆಚ್ಚಿನವರಿಗಿಂತ ದೀರ್ಘಕಾಲ ಬದುಕಿದ. ಜರ್ಮನಿ ಇಬ್ಭಾಗವಾದದ್ದನ್ನೂ ಮತ್ತೆ ಒಂದಾದದ್ದನ್ನೂ ಕಂಡು, 1998ರ ಮೇ 9ರಂದು, ಎಂಬತ್ತೊಂಬತ್ತನೆಯ ವಯಸ್ಸಿನಲ್ಲಿ, ಬವೇರಿಯಾದ ಆಲ್ಪ್ಸ್ ತಪ್ಪಲಿನ ಮಾರ್ಕ್ವಾರ್ಟ್‌ಷ್ಟೈನ್‌ನಲ್ಲಿ ನಿಧನನಾದ.